ಕಚ್ಚದ ಬೂಟು

ನಮ್ಮಕ್ಕನನ್ನು ಬೀದಿಯವರೆಲ್ಲ ಸಾಸಿವೆ ಎನ್ನುತ್ತಾರೆ. ಆಳು ಅಷ್ಟೇ ಚಿಕ್ಕದು, ಸಿಡಿಯುವುದೂ ಹಾಗೆಯೇ. ಅವಳ ಬೂಟಿನಂಗಡಿಯಲ್ಲಿ ಕೌಂಟರಿನ ಹಿಂದೊಂದು ಮಣೆ ಇದೆ. ಅದನ್ನು ಹತ್ತಿ ನಿಂತರೆ ಮಾತ್ರ ಗಿರಾಕಿಗೆ ಅವಳ ಮುಖ ಕಾಣುತ್ತದೆ. ಬೈಗುಳ ಅದಕ್ಕೂ ಮೊದಲೇ ಕೇಳಿಸುತ್ತದೆ. ತಾನು ಹೊಲಿದ ಬೂಟು ಯಾರ ಕಾಲನ್ನೂ ಕಚ್ಚಿಲ್ಲ ಎನ್ನುವುದು ಅವಳ ಜಂಬ. ಕಚ್ಚುತ್ತಿದೆ ಎಂದು ದೂರು ತಂದ ಪೋಸ್ಟ್‌ಮ್ಯಾನನಿಗೆ, "ಬೂಟು ಸರಿಯಾಗೇ ಇದೆ, ನಿನ್ ಕಾಲೇ ಸೊಟ್ಟ" ಎಂದು ಹೇಳಿ ಕಳಿಸಿದ್ದಳು.

ನನ್ನ ಮಗಳೆಂದರೆ ಅವಳಿಗೆ ಪ್ರಾಣ. ಮಗಳ ಪಾದದ ಅಳತೆಗೆ ಮರದ ಅಚ್ಚೊಂದನ್ನು ಮಾಡಿಟ್ಟುಕೊಂಡು, ಬೂಟು ಸವೆದಾಗಲೆಲ್ಲ ಅದರ ಮೇಲೆಯೇ ಹೊಸದು ಹೊಲಿಯುತ್ತಿದ್ದಳು. ಒಂದೇ ಅಚ್ಚು ವರ್ಷಗಟ್ಟಲೆ ಹೇಗೆ ಸಾಲುತ್ತದೆ ಎಂಬ ಪ್ರಶ್ನೆಯೇ ನಮ್ಮ ಮಂದಬುದ್ಧಿಗೆ ಹೊಳೆಯಲಿಲ್ಲ. ಮಗಳು ಸೋದರತ್ತೆಯನ್ನೇ ಹೋಲುತ್ತಾಳೆ ಎಂದು ನಕ್ಕು ಸುಮ್ಮನಾಗುತ್ತಿದ್ದೆವು.

ಕೊನೆಗೆ ಶಾಲೆಗೆ ಹೊಸದಾಗಿ ಬಂದ ಟೀಚರು ಬೂಟು ಬಿಚ್ಚಿಸಿ ಎತ್ತರ ಅಳೆದರು. ಮಗಳು ನಿಂತಲ್ಲೇ ಎರಡು ಬೆರಳು ಕುಸಿದಳು. ನೋಡಿದರೆ ಬೂಟಿನೊಳಗೆ, ಹಿಮ್ಮಡಿಯ ಕೆಳಗೆ, ಕಾರ್ಕಿನ ದಪ್ಪ ತುಂಡು!

"ನನ್ನ ಆಡ್ಕೊಂಡ ಹಾಗೆ ಇವಳನ್ನೂ ಆಡ್ಕೊಳ್ತಾರೆ ಅಂತ ಇಟ್ಟೆ ಕಣೋ," ಎಂದಳು ಅಕ್ಕ. ಅವಳು ತಲೆ ತಗ್ಗಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬೈಯಲು ಹೋದವನು ಅವಳನ್ನೂ ಮಗಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಇಬ್ಬರಿಗೂ ರಕ್ತ ಪರೀಕ್ಷೆ ಮಾಡಿಸಿ ಕೂರಿಸಿಕೊಂಡು ಹೇಳಿದರು.

"ಮೆದುಳಿನ ಅಡೀಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇರುತ್ತೆ. ತಾಯಿ ಹೊಟ್ಟೇಲಿ ಅದು ರೂಪುಗೊಳ್ಳೋವಾಗ ಒಂದು ಪ್ರೋಟೀನು ಇನ್ನೊಂದನ್ನ ಎಬ್ಬಿಸ್ಬೇಕು. ಆ ಎರಡನೇದು ಬೆಳವಣಿಗೆ ಹಾರ್ಮೋನಿನ ಜೀನನ್ನ ಚಾಲೂ ಮಾಡುತ್ತೆ. ಥೈರಾಯ್ಡನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನಿನ ಜೀನನ್ನೂ ಅಷ್ಟೆ. ನಿಮ್ಮಿಬ್ಬರಲ್ಲೂ ಮೊದಲನೇದೇ ಕೆಟ್ಟಿದೆ."

"ಅಂದ್ರೆ ಮೇಸ್ತ್ರಿ ಕೈ ಕೊಟ್ಟ, ಕೆಲಸದವರು ಹರಟೆ ಹೊಡೀತಾ ಕೂತ್ರು," ಎಂದಳು ಅಕ್ಕ.

ಡಾಕ್ಟರಮ್ಮ ನಕ್ಕರು. "ಹಾಗೇ ಅಂದ್ಕೊಳ್ಳಿ. ಮಗೂಗೆ ಬೆಳವಣಿಗೆ ಹಾರ್ಮೋನನ್ನ ಇಂಜೆಕ್ಷನ್ನಲ್ಲಿ ಕೊಡೋಣ. ಮೂಳೆಗಳ ತುದಿ ಕೂಡ್ಕೊಂಡ್ಬಿಟ್ರೆ ಬೆಳೆಯೋಕಾಗಲ್ಲ. ಈಗಾಗ್ಲೇ ತಡ ಮಾಡಿದೀರಿ. ಮಗೂ ಜೊತೆ ನಿಮಗೂ ಥೈರಾಯ್ಡ್ ಮಾತ್ರೆ ಬೇಕು, ಅದು ಕಮ್ಮಿಯಾಗೇ ಚಳಿ ಅಂತ ಈ ಬಿಸಿಲಲ್ಲೂ ಸ್ವೆಟರ್ ಹಾಕ್ಕೊಂಡಿದೀರಲ್ಲ!"

ತಡ ಎಂಬ ಮಾತು ಅಕ್ಕನಿಗೆ ನಾಟಿತು. ಮನೆಗೆ ಬಂದವಳೇ ಮಗಳ ಬೂಟಿನ ಕಾರ್ಕು ಕಿತ್ತೆಸೆದಳು. ಆಮೇಲೆ ಅತ್ತಿತ್ತ ನೋಡಿ, ತನ್ನ ಬೂಟಿನದನ್ನೂ ಕಿತ್ತಳು. ಅಂದಿನಿಂದ ಇಂಜೆಕ್ಷನ್ ಆದ ಕೂಡಲೇ ಮಗಳಿಗೆ ಬೂಟು ತೊಡಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವಳು. ಒಳಗೆ ಜಾಗ ಹಾಗೇ ಇರುತ್ತಿತ್ತು. ಆಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿ ತುಂಬ ಜನ. ಮಗಳು ಕುಂಟುತ್ತ ಬಂದು ಹೇಳಿದಳು: "ಅತ್ತೆ, ಬೂಟು ಕಚ್ತಿದೆ."

ಬೈಗುಳ ಬಿತ್ತೆಂದು ಗಿರಾಕಿಗಳು ಹಿಂದೆ ಸರಿದರು. ಅಕ್ಕ ಮಣೆಯಿಂದ ಧುಮುಕಿ ಮಗಳ ಕಾಲು ಹಿಡಿದು, ಬೂಟಿನ ತುದಿ ಒತ್ತಿದಳು. ಮತ್ತೆ ಒತ್ತಿದಳು. ಒಳಗೆ ಜಾಗವೇ ಇಲ್ಲ! ಬೀದಿಗೆ ಓಡಿ, ಅಷ್ಟು ದೂರದಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನನಿಗೆ ಕೇಳುವಂತೆ ಕೂಗಿದಳು:

"ಏಯ್, ಬಾರೋ ಇಲ್ಲಿ! ನನ್ನ ಬೂಟು ಕಚ್ತಿದೆಯಂತೆ!"