ಬಾಗಿಲಿಗೆ ಬಂದ ಮೊಸರನ್ನ

ನನ್ನ ಮಗಳ ಕಾಯಿಲೆ ಏನೆಂದು ಬನ್ನೂರಿನ ನಮ್ಮ ಬೀದಿಯವರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು. ರೋಗ ಬಂದರೆ ಹೊಡೆದೋಡಿಸುವ ಕಾವಲು ಎಲ್ಲರ ಮೈಯಲ್ಲೂ ಇರುತ್ತದಲ್ಲ, ಆರು ವರ್ಷದ ಅವಳಲ್ಲಿ ಅದು ಬುದ್ಧಿಗೆಟ್ಟು ಅವಳ ಮೂತ್ರಪಿಂಡಗಳ ಮೇಲೆಯೇ ತಿರುಗಿಬಿದ್ದಿತ್ತು. ಮುಖ ಊದಿಕೊಂಡು ಕಣ್ಣೇ ಮುಚ್ಚಿಹೋಗುತ್ತಿತ್ತು. ಮೈಸೂರಿನ ಡಾಕ್ಟರು ಸ್ಟೆರಾಯ್ಡ್ ಕೊಟ್ಟು ಆ ಕಾವಲನ್ನು ಅಡಗಿಸಿದ್ದರು, ಮನೆಯವರನ್ನೇ ಕಚ್ಚುವ ನಾಯಿಯನ್ನು ಕಟ್ಟಿಹಾಕಿದ ಹಾಗೆ. ಕಟ್ಟಿಹಾಕಿದ ಮೇಲೆ ಕಳ್ಳ ಬಂದರೂ ಅದು ಏಳುವುದಿಲ್ಲ. "ಚಿಕನ್‌ಪಾಕ್ಸ್ ಮಾತ್ರ ಹತ್ತಿರ ಸುಳಿಯಬಾರದು. ಬಂದರೆ ಜೀವಕ್ಕೇ ಅಪಾಯ. ಈ ಮಾತ್ರೆ ನಿಲ್ಲುವವರೆಗೆ ಅದರ ಲಸಿಕೆಯನ್ನೂ ಹಾಕುವ ಹಾಗಿಲ್ಲ" ಎಂದಿದ್ದರು.

ಅದಾದ ಮೇಲೆ ಎದುರು ಮನೆಯ ಹುಡುಗನಿಗೇ ಅಮ್ಮ, ಅಂದರೆ ಅದೇ ಚಿಕನ್‌ಪಾಕ್ಸ್, ಎದ್ದಿತು. ನಮ್ಮ ಕಡೆ ಅದನ್ನು ರೋಗ ಎನ್ನುವುದಿಲ್ಲ. ಮಾರಮ್ಮನೇ ಬಂದಿದ್ದಾಳೆ ಎಂದು ಒಗ್ಗರಣೆ ನಿಲ್ಲಿಸುತ್ತಾರೆ, ಬಾಗಿಲಿಗೆ ಬೇವು ಸಿಕ್ಕಿಸುತ್ತಾರೆ. ಗುಳ್ಳೆ ಇಳಿಯತೊಡಗಿ ಮಗುವಿನ ತಲೆಗೆ ಮೊದಲ ನೀರು ಹಾಕಿದ ದಿನ ಮಾರಮ್ಮನಿಗೆ ಮೊಸರನ್ನದ ತಂಪು ಎಡೆಯಿಟ್ಟು, ಅದನ್ನು ಆ ಮಗುವಿನ ಕೈಯಿಂದಲೇ ನೆರೆಮನೆಯ ಮಕ್ಕಳಿಗೆಲ್ಲ ಹಂಚಿಸುತ್ತಾರೆ. ಸೋಂಕು ಹರಡುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಎದುರು ಮನೆಯವಳು ಬಂದೇಬಂದಳು. ಪಕ್ಕದಲ್ಲಿ ಬೇವಿನ ನೀರಿನಲ್ಲಿ ಮಿಂದ ಮಗ, ಅವನ ಕೈಯಲ್ಲಿ ಬಟ್ಟಲು. ಹಣೆಯ ಗುಳ್ಳೆಗಳು ಇನ್ನೂ ಹಸಿ. ಮೊಸರನ್ನವೆಂದರೆ ಪ್ರಾಣ ಬಿಡುವ ನನ್ನ ಮಗಳು ಒಳಗಿನಿಂದ ಓಡಿಬಂದಳು. ಅವಳ ರಟ್ಟೆ ಹಿಡಿದು ಒಳಕ್ಕೆ ತಳ್ಳಿ, ಅವರ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದೆ.

"ಅಮ್ಮನ್ನೇ ಬೀದೀಲಿ ನಿಲ್ಲಿಸ್ದಾ? ಆ ಮಗೀಗೇ ತಟ್ತದೆ, ನೋಡ್ತಿರು!" ಎಂದು ಅವಳು ಕೂಗಿದಳು.

"ಮೊದ್ಲು ನಿನ್ ಮಗನ್ನ ಕರ್ಕೊಂಡು ನಡಿ ಇಲ್ಲಿಂದ!" ನಾನೂ ಅರಚಿದೆ. ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಯಾವುದಕ್ಕೂ ನನಗೆ ಪಶ್ಚಾತ್ತಾಪವಿಲ್ಲ.

ಗಲಾಟೆ ಕೇಳಿ ಹಿತ್ತಲಿನಿಂದ ಅತ್ತೆ ಬಂದರು. ನಮ್ಮಿಬ್ಬರದು ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ. "ಮಾರಮ್ಮನ್‌ಗೇ ಬಾಗ್ಲಾಕ್ತೀಯೇನೇ, ಮನೆಹಾಳಿ!" ಎಂದು ಹರಿಹಾಯ್ದು, ಹಿತ್ತಲಿನಿಂದಲೇ ಸುತ್ತಿಕೊಂಡು ಬೀದಿಗೆ ಹೋದರು. ಬಟ್ಟಲು ಹಿಡಿದು ಬಂದರೆ ಅವರನ್ನೂ ಒಳಗೆ ಬಿಡಬಾರದೆಂದು ಹಿತ್ತಲ ಬಾಗಿಲಿಗೂ ಚಿಲಕ ಹಾಕಿ ಕಿಟಕಿಯಲ್ಲಿ ನಿಂತೆ.

ಅತ್ತೆ ಬಟ್ಟಲು ಇಸಿದುಕೊಂಡು ನಡುಬೀದಿಯಲ್ಲಿ ನಿಂತೇ ತಿನ್ನತೊಡಗಿದರು.

"ಮಗೀಗೊಂದು ತುತ್ತು ಮಡಗವ್ವ" ಎಂದಳು ಅವಳು.

"ಇಲ್ಲ ಕಣವ್ವ, ಅವ್ಳ ಪಾಲೂ ನಾನೇ ತಿಂತೀನಿ. ನಾನು ಚಿಕ್ಕೋಳಾಗಿದ್ದಾಗ್ಲೇ ಅಮ್ಮ ನನ್ ಮೈಮ್ಯಾಲೆ ಬಂದು ಓಗವ್ಳೆ, ಇನ್ನೊಂದ್ಸಲ ಬರಾಕಿಲ್ಲ" ಎಂದು ಅತ್ತೆ ಕೆನ್ನೆಯ ಕಲೆಗಳನ್ನು ತೋರಿಸಿದರು. ಒಮ್ಮೆ ಕಂಡ ಶತ್ರುವನ್ನು ಮೈ ಮರೆಯುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಅತ್ತೆಯದು ದೇವರ ಲೆಕ್ಕ. ಒಂದಗುಳೂ ಉಳಿಯದಂತೆ ಬೆರಳಿನಿಂದ ಬಳಿದು ತಿಂದು ಬಟ್ಟಲನ್ನು ವಾಪಸು ಕೊಟ್ಟರು.

ಆಮೇಲೆ ಹಿತ್ತಲ ನಲ್ಲಿಯಲ್ಲಿ ಸೀರೆಯ ಸಮೇತ ತಲೆಗೆ ನೀರು ಸುರಿದುಕೊಂಡು ಬಾಗಿಲು ಬಡಿದರು. "ತಗಿ. ನಿನ್ ಮಕ ನೋಡ್ಕೊಂಡು ತಿನ್ನಲಿಲ್ಲ ನಾನು." ಮೊಮ್ಮಗಳನ್ನು ಬಿಟ್ಟು ಮಲಗದಿದ್ದವರು ಚಾಪೆಯನ್ನು ಜಗಲಿಗೆ ಎಳೆದುಕೊಂಡರು. ಅವಳು ಕರೆದು ಅತ್ತರೂ ಕೆಲವು ದಿನ ಹತ್ತಿರ ಹೋಗಲಿಲ್ಲ. ನನ್ನ ಜೊತೆಯಂತೂ ಮಾತೇ ಇಲ್ಲ.

ಮಗಳ ಮೈಮೇಲೆ ಗುಳ್ಳೆ ಏಳಲಿಲ್ಲ. ಈಗ ಮಾತ್ರೆ ನಿಂತಿದೆ, ಲಸಿಕೆಯೂ ಆಗಿದೆ. ಎದುರು ಮನೆಯವಳು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನನಗೂ ಅವಳ ಮುಖ ಬೇಕಾಗಿಲ್ಲ. ಅತ್ತೆಯೋ, ಮನೆಗೆ ಯಾರು ಬಂದರೂ "ನನ್ ಸೊಸೆ ದೇವ್ರಿಗೇ ಬಾಗ್ಲಾಕಿದೋಳು ಕಣ್ರೀ" ಎಂದು ಶುರು ಮಾಡುತ್ತಾರೆ. ಮಾಡಲಿ. ಅದನ್ನು ಕೇಳಿಸಿಕೊಳ್ಳುತ್ತಾ ನನ್ನ ಮಗಳು ಅವರ ತೊಡೆಯ ಮೇಲೆ ಕೂತಿರುತ್ತಾಳೆ.