ಕೆಂಪು ಗೋಡೆಯ ಮುಂದೆ ಶ್ರುತಿ

ಬಾಪೂಜಿ ನಗರದ ಒಂದು ಪುಟ್ಟ ಅಂಗಡಿಯಲ್ಲಿ ನಾನು ಹಾರ್ಮೋನಿಯಂ ರಿಪೇರಿ ಮಾಡುತ್ತೇನೆ. ಅಪ್ಪನಿಂದ ಬಂದ ಕಸುಬು. ಒಳಗೆ ಸ್ವರ ಹೊರಡಿಸುವ ತೆಳು ಹಿತ್ತಾಳೆ ರೀಡನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕೆಂದು ಹೇಳಬೇಕಾದದ್ದು ಕಿವಿ. ಐವತ್ತು ದಾಟುವಷ್ಟರಲ್ಲಿ ಅಪ್ಪನಿಗೆ ಕಿವಿ ಕೈಕೊಟ್ಟಿತು. ಯಾರೂ ಎದುರಿಗೆ ಹೇಳಲಿಲ್ಲ, ಗಿರಾಕಿಗಳು ಬರುವುದನ್ನು ನಿಲ್ಲಿಸಿದರು ಅಷ್ಟೆ. ನನಗೀಗ ನಲವತ್ತೆಂಟು.

ಹೋದ ವರ್ಷ ಅಂಗಡಿಯ ಓನರ್ ಯಾರೋ ವಾಸ್ತುವಿನವರ ಮಾತು ಕೇಳಿ, ತಿಳಿ ಹಸಿರಾಗಿದ್ದ ಗೋಡೆಗಳಿಗೆಲ್ಲ ಕಡುಗೆಂಪು ಬಳಿಸಿಬಿಟ್ಟರು. ನನ್ನನ್ನೊಂದು ಮಾತು ಕೇಳಬಾರದಿತ್ತೇ? ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದಲೇ ಮೇಲಿನ ಸ್ವರಗಳು ಏರಿದಂತೆ, ಕಿರುಚಿದಂತೆ ಕೇಳತೊಡಗಿದವು. ಮೊಬೈಲಿನ ಶ್ರುತಿ ಆ್ಯಪ್ ಎಲ್ಲ ಸರಿಯಿದೆ ಎನ್ನುತ್ತಿತ್ತು. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳಿಗೆ ಫೋನು ಪಾಠ ಹೇಳುವುದೇ ಎಂದುಕೊಂಡು, ರೀಡುಗಳ ಬುಡ ಕೆರೆದು ಇಳಿಸಿದೆ.

ಮಲ್ಲತ್ತಹಳ್ಳಿಯ ಭಜನೆ ಮಂಡಳಿಯ ಹೆಂಗಸೊಬ್ಬರು, ನಾನು ಹಾಗೆ ಇಳಿಸಿಕೊಟ್ಟ ಹಾರ್ಮೋನಿಯಂ ಪೆಟ್ಟಿಗೆಯನ್ನು ವಾರದೊಳಗೆ ವಾಪಸು ತಂದರು. "ಬೇಜಾರ್ ಮಾಡ್ಕೋಬೇಡಿ ಮೇಡಂ, ಮೇಲಿನ ಸ್ವರ ಎಲ್ಲಾ ಇಳ್ದೋಗಿದೆ. ಎಲ್ರಿಗೂ ಗೊತ್ತಾಗ್ತಿದೆ."

ಎಲ್ಲರಿಗೂ ಗೊತ್ತಾಗುತ್ತಿದೆ, ನನಗೊಬ್ಬಳಿಗೆ ಇಲ್ಲ. ಅವರು ಹೋದ ಮೇಲೆ ಶಟರ್ ಅರ್ಧ ಎಳೆದು, ಎದುರಿನ ಗೋಡೆಗೆ ಒಂದು ಹಸಿರು ಸೀರೆ ಕಟ್ಟಿ ಅದನ್ನೇ ನೋಡುತ್ತ ನುಡಿಸಿದೆ. ಸ್ವರ ಇಳಿದಿರುವುದು ಕೇಳಿಸಿತು. ನಿಜಕ್ಕೂ ಕೇಳಿಸಿತೋ, ಕೇಳಿಸಲಿ ಎಂಬ ಆಸೆಗೆ ಕೇಳಿಸಿತೋ, ಆ ಕ್ಷಣಕ್ಕೆ ಅಷ್ಟೇ ಸಾಕಾಗಿತ್ತು. ತಪ್ಪು ನನ್ನ ಕಿವಿಯದಲ್ಲ, ಈ ದರಿದ್ರ ಕೆಂಪಿನದು!

ಮನೆಗೆ ಹೋದವಳೇ ಅಪ್ಪನ ಕಿವಿಯ ಹತ್ತಿರ ಬಾಗಿ, ಗೋಡೆಯ ಕತೆಯನ್ನೆಲ್ಲ ಕೂಗಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ನಾನು ಟ್ಯೂಬ್‌ಲೈಟನ್ನ ಬೈತಿದ್ದೆ ಕಣಮ್ಮಾ," ಎಂದರು. "ಅದರಿಂದಲೇ ಸ್ವರ ಕೆಡ್ತಿದೆ ಅಂತ ಎರಡು ಸಲ ಬದಲಾಯಿಸ್ದೆ. ನೀನು ನಾಳೇನೇ ಹೋಗಿ ಕಿವಿ ತೋರಿಸ್ಕೊಂಡ್ ಬಾ."



ಮರುದಿನ ವಿಜಯನಗರದ ಕ್ಲಿನಿಕ್ಕೊಂದರಲ್ಲಿ, ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯೊಳಗೆ ನನ್ನನ್ನು ಕೂರಿಸಿದರು. ಪರೀಕ್ಷೆ ಮಾಡುವ ಹುಡುಗಿ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ಎಷ್ಟು ಸಣ್ಣಗೆ ಕೇಳಿದ್ರೂ ಒತ್ತಿ ಮೇಡಂ," ಎಂದು ಹೇಳಿ ಬಾಗಿಲು ಹಾಕಿಕೊಂಡು ಹೋದಳು.

ಮೊದಲು ದಪ್ಪ ದನಿಯ ಶಬ್ದಗಳು ಬಂದವು. ಒಂದೊಂದಕ್ಕೂ ಒತ್ತಿದೆ. ಆಮೇಲೆ ಎಲ್ಲ ಸುಮ್ಮನಾಯಿತು. ನಡುವೆ ಸ್ವಲ್ಪ ಬಿಡುವು ಕೊಡುತ್ತಾರೇನೋ ಎಂದು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದೆ. ತಲೆಯೆತ್ತಿ ನೋಡಿದರೆ, ಗಾಜಿನಾಚೆ ಆ ಹುಡುಗಿ ನನ್ನನ್ನೇ ನೋಡುತ್ತ ಒಂದಾದ ಮೇಲೊಂದು ಸ್ವಿಚ್ ಒತ್ತುತ್ತಲೇ ಇದ್ದಳು.