ಒಂದೂ ಕೋಡ್ ಇಲ್ಲದ ಎಕ್ಸ್‌ಕವೇಟರ್

ಹಳೆಯ ಎಕ್ಸ್‌ಕವೇಟರ್ ಕೊಳ್ಳುವವರಿಗೆ ಅದರ ಗೇರ್‌ಬಾಕ್ಸ್ ಸರಿಯಿದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಪೆರಿಯನಾಯಕನಪಾಳ್ಯಂನ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಟೈರಿನ ಮೇಲೆ ಓಡುವ ಎಕ್ಸ್‌ಕವೇಟರಿನಲ್ಲಿ ಗೇರ್‌ಬಾಕ್ಸನ್ನು ಕಾಯುವುದಕ್ಕೆಂದೇ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಏನಾದರೂ ಕೆಟ್ಟರೆ ಅದು ದೀಪ ಹಚ್ಚಿ, ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ನಾನು ಲ್ಯಾಪ್‌ಟಾಪ್ ಜೋಡಿಸಿ ಅದನ್ನು ಓದುತ್ತೇನೆ.

ನನ್ನ ಸೋದರಮಾವ ಸಿಂಗಾನಲ್ಲೂರಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುತ್ತಾರೆ. ಪಲ್ಲಡಂ ಹತ್ತಿರ ಒಂದು ಎಕ್ಸ್‌ಕವೇಟರ್ ಮಾರಾಟಕ್ಕಿದೆ ಎಂದು ತಿಳಿದು ನನಗೆ ಫೋನ್ ಮಾಡಿದರು. "ಅಮ್ಮಿಣಿ, ನೀನು ಬಂದು ಒಂದ್ಸಲ ನೋಡ್ಬುಡು. ನೀ ಸರಿ ಅಂದ್ರೆ ಸರಿ, ಬೇಡ ಅಂದ್ರೆ ಬೇಡ." ನನಗೆ ಗಂಡು ನೋಡುವಾಗಲೂ ಅವರು ಇದನ್ನೇ ಹೇಳಿದ್ದರು. ನಾನು ಬೇಡ ಅಂದಾಗ ಮೂರು ದಿನ ವಾದ ಮಾಡಿದ್ದರು.

ಮಾವನ ಜೊತೆ ಹೋದೆ. ಯಂತ್ರ ಮನೆಯ ಪಕ್ಕದ ಬೇವಿನ ಮರದ ಕೆಳಗೆ ನಿಂತಿತ್ತು. ಚೆನ್ನಾಗಿ ತೊಳೆದು ಟೈರಿಗೆ ಕಪ್ಪು ಬಳಿದಿದ್ದರು. ಮಾರುವವರಿಗೆ ಐವತ್ತರ ಸುಮಾರು. ನಮಸ್ಕಾರ ಹೇಳಿ ನನ್ನ ಬೆನ್ನ ಹಿಂದೆ ಮೆಕ್ಯಾನಿಕ್‌ಗಾಗಿ ಹುಡುಕಿದರು. ಇದು ನನಗೆ ಅಭ್ಯಾಸವಾಗಿದೆ. ಅವರು ಹುಡುಕಿ ಮುಗಿಸುವವರೆಗೆ ಕಾದು, ಲ್ಯಾಪ್‌ಟಾಪ್ ತೆಗೆದೆ. ಜಗಲಿಯ ಮೇಲೆ ಅವರ ತಾಯಿ ಕಡಲೆಕಾಯಿ ಸುಲಿಯುತ್ತಾ ಕುಳಿತಿದ್ದರು. ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಈ ತಮಿಳು ಸೀಮೆಯಲ್ಲಿ ನಮ್ಮಂಥವರ ಕನ್ನಡವೇನಿದ್ದರೂ ಮನೆಯೊಳಗೆ.

ಕೋಡ್ ಒಂದೂ ಇರಲಿಲ್ಲ. ಹಳೆಯ ದಾಖಲೆಯೂ ಖಾಲಿ. ಅದನ್ನು ನಂಬಿದರೆ, ಒಂಬತ್ತು ವರ್ಷ ಮಣ್ಣು ಅಗೆದ ಯಂತ್ರದಲ್ಲಿ ಒಮ್ಮೆಯೂ ಬ್ಯಾಟರಿ ಇಳಿದಿಲ್ಲ, ಒಂದು ವೈರೂ ಸಡಿಲವಾಗಿಲ್ಲ. ಮನುಷ್ಯರಲ್ಲಂತೂ ಇಷ್ಟು ಶುದ್ಧ ಚರಿತ್ರೆಯವರನ್ನು ನಾನು ಕಂಡಿಲ್ಲ. ಯಾರೋ ನಿನ್ನೆಯೋ ಮೊನ್ನೆಯೋ ಎಲ್ಲವನ್ನೂ ಅಳಿಸಿದ್ದರು.

"ಒಂದು ಗಂಟೆ ಓಡಿಸಿ ನೋಡಬೇಕು," ಎಂದೆ.

ಡೀಸೆಲ್ ಕಡಿಮೆಯಿದೆ ಎಂದರು. ಮಾವ ತಂದುಕೊಡುತ್ತೇನೆ ಎಂದರು. ಡ್ರೈವರ್ ರಜೆ ಎಂದರು. ಮಾವ ತಾವೇ ಓಡಿಸುತ್ತೇನೆ ಎಂದರು. ಹಾಗಾದರೆ ರಾಹುಕಾಲ ಕಳೆಯಲಿ ಎಂದರು.

ಆಗ ಜಗಲಿಯಿಂದ ತಾಯಿ ಮಗನನ್ನು ಕೇಳಿದರು. ಅವರಿಗೆ ಕಿವಿ ಮಂದ, ಹಾಗಾಗಿ ಗುಟ್ಟಿನ ಮಾತೂ ಬೀದಿಯ ತುದಿಗೆ ಕೇಳುವಂತಿತ್ತು. ಕೇಳಿದ್ದು ಕನ್ನಡದಲ್ಲಿ.

"ಬಿಸಿ ಆದ್ರೆ ನಿಂತೋಗ್ತದೆ ಅಂತ ಅವ್ರ್‌ಗೆ ಹೇಳ್ಬುಟ್ಯೇನೋ?"

ಮಗ ಬೇವಿನ ಮರವನ್ನು ನೋಡಿದರು. ಮಾವ ನಿಧಾನವಾಗಿ ಜಗಲಿಯ ಕಡೆ ತಿರುಗಿ, ಕನ್ನಡದಲ್ಲೇ, ಅಷ್ಟೇ ಜೋರಾಗಿ, "ಎಷ್ಟೊತ್ತಿಗೆ ನಿಲ್ತದವ್ವಾ?" ಎಂದರು.

"ಮುಕ್ಕಾಲು ಗಂಟೆ," ಎಂದುಬಿಟ್ಟರು ಅಜ್ಜಿ. ಆಮೇಲೆ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು. "ಅಯ್ಯೋ, ನಮ್ಮೋರಾ ನೀವು?"

ಅಲ್ಲಿಂದ ಅರ್ಧ ಗಂಟೆ ಯಂತ್ರದ ಮಾತೇ ಇಲ್ಲ. ಯಾವ ಊರು, ಯಾರ ಮನೆ, ಹಿಂದೆ ನೇಯುತ್ತಿದ್ದಾಗ ಎಷ್ಟು ಮಗ್ಗ ಇದ್ದವು ಎಂಬ ವಿಚಾರಣೆ ನಡೆದು, ಮಾವನ ಹೆಂಡತಿಯ ಚಿಕ್ಕಮ್ಮನನ್ನು ಇವರ ಹಿಂದಿನ ಬೀದಿಗೇ ಕೊಟ್ಟಿದ್ದು ಎಂದು ಸಾಬೀತಾಯಿತು. ಮಗ ಕೊನೆಗೆ ನಮ್ಮ ಹತ್ತಿರ ಬಂದು ಕುಳಿತರು.

"ಮೂರು ಜನ ಮೆಕ್ಯಾನಿಕ್ ನೋಡಿದ್ರಣ್ಣಾ. ಗೇರ್‌ಬಾಕ್ಸ್ ಪೂರಾ ಬಿಚ್ಬೇಕು ಅಂದ್ರು. ನಡು ರೋಡಲ್ಲಿ ನಿಂತು ನಿಂತು ನನಗೆ ಸಾಕಾಗೋಯ್ತು," ಎಂದರು. ಕಣ್ಣೆತ್ತಲಿಲ್ಲ. ನನಗೆ ಪಾಪ ಅನ್ನಿಸಿತು.

ಅವರ ಹೆಂಡತಿ ಊಟ ಹಾಕಿದರು. ಉಂಡು ಎದ್ದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಓಡಿಸಲು ಕೂತ ಮಾವನ ಪಕ್ಕ ತುರುಕಿಕೊಂಡು ಹೊರಟೆ. ಸರಿಯಾಗಿ ಮುಕ್ಕಾಲು ಗಂಟೆಗೆ ದೀಪ ಹತ್ತಿತು, ಯಂತ್ರ ಓಣಿಯ ನಡುವೆ ನಿಂತಿತು. ಕೋಡ್ ಹೇಳಿದ್ದಿಷ್ಟು: ಗೇರ್‌ಬಾಕ್ಸಿನ ವೇಗ ಅಳೆಯುವ ಸೆನ್ಸರಿನಿಂದ ಸುದ್ದಿಯಿಲ್ಲ. ಬಿಸಿ ಆರಿದ ಮೇಲೆ ಮತ್ತೆ ಹೊರಟಿತು, ಮನೆ ಮುಟ್ಟಿತು. ಸೆನ್ಸರ್ ಬಿಚ್ಚಿ ಮೀಟರ್ ಹಿಡಿದು ನೋಡಿದೆ. ಸರಿಯಾಗಿತ್ತು. ಅದರ ಕನೆಕ್ಟರೂ ಸರಿ. ನಾಲ್ಕನೆಯ ಮೆಕ್ಯಾನಿಕ್ ಆಗಿ ನಾನೂ ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುವವಳಿದ್ದೆ. ಅದಕ್ಕೆ ತಕ್ಕ ಮುಖವನ್ನೂ ಮಾಡಿಕೊಂಡಿದ್ದೆ.

"ಆ ಹೊಸ ಹೊಗೆ ಕೊಳಾಯಿ ಹಾಕ್ಸಿದ್ಮೇಲೇ ಕಣವ್ವಾ ಇಂಗಾಗಿದ್ದು," ಎಂದರು ಅಜ್ಜಿ. "ಮುಂಚೆ ರೈಸ್‌ಮಿಲ್ ತರ ಸದ್ದು, ನನಗೇ ಕೇಳ್ತಿತ್ತು. ಈಗ ಸದ್ದೂ ಇಲ್ಲ, ವಂಡಿನೂ ಓಡಲ್ಲ."

ವಂಡಿ ಎಂದರೆ ಗಾಡಿ, ಕೊಳಾಯಿ ಎಂದರೆ ಸೈಲೆನ್ಸರ್. ಬಗ್ಗಿ ನೋಡಿದೆ. ಹೊಸದು ಹಳೆಯದಕ್ಕಿಂತ ದಪ್ಪ. ಸೆನ್ಸರಿನ ಎರಡು ವೈರುಗಳು ಅದಕ್ಕೆ ಒರಗಿಕೊಂಡೇ ಹೋಗಿದ್ದವು. ಸೈಲೆನ್ಸರ್ ಕಾದಾಗ ವೈರಿನ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ, ಒಳಗಿನ ತಂತಿಗಳು ಒಂದಕ್ಕೊಂದು ತಾಗುತ್ತಿದ್ದವು. ಅಷ್ಟನ್ನು ಕತ್ತರಿಸಿ, ಹೊಸ ವೈರ್ ಜೋಡಿಸಿ, ದೂರಕ್ಕೆ ಎಳೆದು ಕಟ್ಟಿದೆ. ಅರ್ಧ ಗಂಟೆಯ ಕೆಲಸ. ಲ್ಯಾಪ್‌ಟಾಪ್ ಆ ಅರ್ಧ ಗಂಟೆ ಜಗಲಿಯ ಮೇಲೆ ಅಜ್ಜಿಯ ಪಕ್ಕದಲ್ಲಿತ್ತು.

ಈ ಸಲ ಯಂತ್ರದ ಯಜಮಾನರೇ ಓಡಿಸಿದರು. ಮೇನ್ ರೋಡಿಗೆ ಹೋಗಿ ಬಂದರು, ಮತ್ತೆ ಹೋದರು. ಎರಡು ಗಂಟೆಯಾದರೂ ದೀಪ ಹತ್ತಲಿಲ್ಲ. ಇಳಿದು ಬಂದು ಟೈರನ್ನು ಒಮ್ಮೆ ತಟ್ಟಿದರು. ಬೆಳಗಿನಿಂದ ಅವರು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಅಣ್ಣಾ, ತಪ್ಪು ತಿಳ್ಕೋಬೇಡಿ," ಎಂದರು ಮಾವನಿಗೆ. "ಇಷ್ಟು ಚೆನ್ನಾಗಿ ಓಡೋ ವಂಡಿನ ಇನ್ಯಾಕೆ ಮಾರೋದು?"

ಮಾವ ನನ್ನನ್ನು ನೋಡಿದರು. ನಾನು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಒರೆಸುವ ಅಗತ್ಯವಿರಲಿಲ್ಲ.

ಬಸ್ಸು ಸೂಲೂರು ಮುಟ್ಟಿದಾಗ ಮಾವ ನನ್ನ ಕಡೆ ತಿರುಗಿದರು.

"ವೈರ್ ಕಂಡ ತಕ್ಷಣ ನನ್ ಕಿವೀಲಿ ಹೇಳ್ಬಾರ್ದಿತ್ತಾ, ಅಮ್ಮಿಣಿ? ವಂಡಿ ನಮ್ದಾದ್ಮೇಲೆ ಕಟ್ಬೋದಿತ್ತು."

"ಅವ್ರ ಮನೇಲಿ ಊಟ ಮಾಡಿದ್ವಲ್ಲ ಮಾವ."

"ಊಟಕ್ಕೆ ಮುಂಚೆ ನೋಡ್ಬೇಕಿತ್ತು," ಎಂದರು.

ನಿಜ ಹೇಳಬೇಕೆಂದರೆ, ಆ ವೈರ್ ಕೈಯಲ್ಲಿದ್ದಾಗ ನನಗೂ ಅದು ಹೊಳೆದಿತ್ತು. ಒಂದೆರಡು ನಿಮಿಷ ಸುಮ್ಮನೆ ಹಿಡಿದುಕೊಂಡೇ ಇದ್ದೆ. ಆದರೆ ಯಜಮಾನರು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಟಾರ್ಚ್ ಬಿಡುತ್ತಿದ್ದರು. ತೋರಿಸಿಬಿಟ್ಟೆ.

ಎರಡು ತಿಂಗಳ ನಂತರ ಮಾವ ಅನ್ನೂರು ಕಡೆಯಿಂದ ಬೇರೊಂದು ಎಕ್ಸ್‌ಕವೇಟರ್ ತಂದರು. ನನ್ನನ್ನು ಕರೆಯಲಿಲ್ಲ, ಯಾರಿಂದಲೂ ನೋಡಿಸಲೂ ಇಲ್ಲ. ಅದು ಚೆನ್ನಾಗಿಯೇ ಓಡುತ್ತಿದೆ. ನನಗೆ ಸ್ವಲ್ಪ ಬೇಜಾರಾಯಿತು.